ಬೀಗಿತಿಯ ಕಾಲಿನ ಅಳತೆ

ನಮ್ಮ ಮನೆಯಲ್ಲಿ ಗಂಡಸರ ಕಾಲನ್ನು ನನ್ನ ಗಂಡ ಅಳೆಯುತ್ತಾರೆ, ಹೆಂಗಸರ ಕಾಲನ್ನು ನಾನು. ನಮ್ಮೂರು ಮರ್ಗಿಲಾನಿನಲ್ಲಿ ಮಹ್ಸಿ ಹೊಲಿಯುವ ಮನೆಗಳಲ್ಲೆಲ್ಲ ಹಿಂದಿನಿಂದ ನಡೆದುಬಂದದ್ದು ಹೀಗೆಯೇ. ಪರಗಂಡಸು ಹೆಣ್ಣಿನ ಪಾದ ಮುಟ್ಟುವಂತಿಲ್ಲ, ಪಾದ ನೋಡದೆ ಮಹ್ಸಿ ಹೊಲಿಯುವಂತಿಲ್ಲ. ಹಾಗಾಗಿ ಒಳಕೋಣೆಯಲ್ಲಿ ನಾನು ದಾರ ಹಿಡಿದು ಕೂರುತ್ತೇನೆ. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಒಂದು ಗಂಟು, ಬೆರಳುಗಳ ಬುಡದ ಸುತ್ತ ಒಂದು, ಕಣಕಾಲಿನ ಸುತ್ತ ಒಂದು, ಮೀನಖಂಡದ ಸುತ್ತ ಒಂದು. ನಾಲ್ಕು ಗಂಟಿನ ಆ ದಾರ ಹೊರಗಿನ ಅಂಗಡಿಗೆ ಹೋದರೆ, ಎಂಟು ದಿನಕ್ಕೆ ಮೊಣಕಾಲವರೆಗಿನ ಮೆತ್ತನೆಯ ಚರ್ಮದ ಬೂಟು, ಅದೇ ಮಹ್ಸಿ, ಒಳಗೆ ಬರುತ್ತದೆ. ಮನೆಯೊಳಗೆ ಅದರಲ್ಲೇ ಓಡಾಟ. ಹೊರಗೆ ಹೊರಟರೆ ಅದರ ಮೇಲೊಂದು ರಬ್ಬರಿನ ಹೊರಮೆಟ್ಟು, ಕಲೋಶ್. ಯಾರ ಮನೆಗೆ ಹೋದರೂ ಕಲೋಶನ್ನು ಹೊಸ್ತಿಲಲ್ಲಿ ಬಿಟ್ಟು ಮಹ್ಸಿಯಲ್ಲೇ ಒಳಗೆ ಹೋಗುತ್ತೇವೆ.

ಗಂಡನ ಹೆಸರು ಯಿಗಿತಾಲಿ. ಊರೆಲ್ಲ ಕಸುಬಿನ ಗುರುವೆಂದು ಉಸ್ತಾ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಮೂವತ್ತೆಂಟು ವರ್ಷದಿಂದ ಅವರ ಉಪದೇಶ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಕಾಲನ್ನು ಸಂಜೆ ಅಳೆಯಬೇಕು, ದಿನವೆಲ್ಲ ದುಡಿದ ಕಾಲು ಸಂಜೆಗೆ ಊದಿರುತ್ತದೆ. ಕೂರಿಸಿ ಅಳೆಯಬಾರದು, ನಿಲ್ಲಿಸಿ ಅಳೆಯಬೇಕು. ಎರಡೂ ಕಾಲು ಅಳೆದು ದೊಡ್ಡದಕ್ಕೆ ಹೊಲಿಯಬೇಕು. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಡಬೇಕು. ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅಳೆಯುವಾಗ ಬೆರಳು ಮುದುರಿಕೊಳ್ಳುತ್ತಾರೆ, ಪಾದ ಚಿಕ್ಕದಿದ್ದರೆ ಚೆಂದ ಎಂದು. ಅಂಥವರ ಮೊಣಕಾಲಿಗೆ ಒಂದು ಏಟು ಕೊಟ್ಟು, "ಬೆರಳು ಬಿಡಿ ತಾಯಿ, ಮೊಮ್ಮಕ್ಕಳಾದ್ವು, ಇನ್ಯಾರಿಗೆ ತೋರಿಸ್ಬೇಕು?" ಅನ್ನುತ್ತೇನೆ. ಇಷ್ಟೆಲ್ಲ ಗೊತ್ತಿರುವ ನಾನೇ ಸ್ವಂತ ಬೀಗಿತಿಯ ಕಾಲಿಗೆ ಕುತ್ತು ತಂದೆ.

ಮಗಳು ಹುಮೈರಾಳನ್ನು ಕಾಲುವೆಯ ಆಚೆಯ ಮೊಹಲ್ಲಾಕ್ಕೆ ಕೊಟ್ಟು ಮೂರು ವರ್ಷವಾಯಿತು. ಅವಳ ಅತ್ತೆ ತೋತಿಖಾನ್ ಸಾಮಾನ್ಯ ಹೆಂಗಸಲ್ಲ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾದರೂ ಒಬ್ಬರ ಮುಂದೆ ಕೈಚಾಚದೆ, ಮದುವೆಮನೆಗಳಲ್ಲಿ ದೋಯಿರಾ ಎಂಬ ಕೈತಮಟೆ ಬಾರಿಸಿ, ಹಾಡಿ, ಮಗನನ್ನು ದೊಡ್ಡವನನ್ನಾಗಿ ಮಾಡಿದವರು. ಆ ಭಾಗದಲ್ಲಿ ಅವರಿಲ್ಲದೆ ಮದುವೆ ಕಳೆಗಟ್ಟುವುದಿಲ್ಲ. ಅವರು ಬಾರಿಸಲು ಶುರು ಮಾಡಿದರೆ ಗೋಡೆಗೊರಗಿದ ಮುದುಕಿಯರೂ ಎದ್ದು ಹೆಗಲು ಕುಣಿಸುತ್ತಾರೆ. ಬಾರಿಸುತ್ತಲೇ ತಾವೂ ಕುಣಿಯುತ್ತಾರೆ, ಹಾಡುತ್ತಲೇ ಬೀಗರ ಕಡೆಯವರನ್ನು ಗೇಲಿ ಮಾಡುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು, ಮುಚ್ಚಿಡುವುದೇಕೆ. ಈಚೆಗೆ ಮೂರು ನಾಲ್ಕು ಮದುವೆಗಳಿಂದ ಅವರು ಕೂತೇ ಬಾರಿಸುತ್ತಿದ್ದಾರೆಂದು ಕೇಳಿದಾಗ ವಯಸ್ಸಾಯಿತು ಅಂದುಕೊಂಡೆ. ಅವರು ನನಗಿಂತ ಎರಡು ವರ್ಷ ಚಿಕ್ಕವರು, ಅದಕ್ಕೇ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

ಕಳೆದ ಚಳಿಗಾಲದ ಆರಂಭದಲ್ಲಿ, ದಾಳಿಂಬೆ ಸುಗ್ಗಿ ಮುಗಿದ ಮೇಲೆ, ಒಂದು ಮಧ್ಯಾಹ್ನ ಹುಮೈರಾ ಮಗುವನ್ನು ಎತ್ತಿಕೊಂಡು ಬಂದಳು. ಬಂದವಳು ಚಹಾ ಕೂಡ ಮುಟ್ಟಲಿಲ್ಲ.

"ಅಮ್ಮಾ, ಅತ್ತೆ ಹೆಬ್ಬೆರಳಲ್ಲಿ ಗಾಯ ಆಗಿದೆ. ಒಂದೂವರೆ ತಿಂಗಳಾಯ್ತು, ಮಾಯ್ತಾನೇ ಇಲ್ಲ. ಸಕ್ಕರೆ ಕಾಯಿಲೆ ಬೇರೆ ಇದೆಯಲ್ಲ. ಡಾಕ್ಟ್ರು ಇನ್ನು ಹದಿನೈದು ದಿನ ನೋಡ್ತೀನಿ ಅಂದ್ರು. ಅಷ್ಟ್ರಲ್ಲಿ ಒಣಗೋಕೆ ಶುರು ಆಗ್ದಿದ್ರೆ ಬೆರಳು ತೆಗೀಬೇಕಂತೆ."

"ತುಂಬಾ ನೋವಂತಾ?"

"ನೋವೇ ಇಲ್ವಂತೆ."

"ನೋವಿಲ್ದಿದ್ರೆ ಒಳ್ಳೇದೇ ಆಯ್ತಲ್ಲೇ?"

"ಅದೇ ಕೆಟ್ಟದ್ದಂತಮ್ಮ. ಸಕ್ಕರೆಯಿಂದ ಕಾಲು ಜೋಮು ಹಿಡಿದ ಹಾಗಾಗಿದೆ, ಅದಕ್ಕೇ ಗಾಯ ಆಗಿದ್ದೂ ಗೊತ್ತಾಗ್ಲಿಲ್ಲ, ಕೆರಕೊಂಡು ದೊಡ್ಡದಾಗಿದ್ದೂ ಗೊತ್ತಾಗ್ಲಿಲ್ಲ ಅಂದ್ರು. ಬಿಗಿಯಾದ್ದು ಏನೂ ಹಾಕ್ಬೇಡಿ ಅಂತ ಹೇಳಿದ್ರು."

"ಮತ್ತೆ ಏನು ಹಾಕ್ಕೋತಾರೆ?"

"ಅಪ್ಪ ಹೊಲಿದು ಕೊಟ್ಟ ಮಹ್ಸಿನೇ. ಅತ್ತೆ ಡಾಕ್ಟ್ರಿಗೇ ಜೋರು ಮಾಡಿದ್ರು, ಇದು ಉಸ್ತಾ ಯಿಗಿತಾಲಿ ಕೈಯಿಂದು, ಇದಕ್ಕಿಂತ ಮೆತ್ತಗಿರೋದು ನಿಮ್ಮ ಆಸ್ಪತ್ರೇಲಿ ಏನಿದೆ ತೋರ್ಸಿ ಅಂತ."

ಕೇಳಿ ನಾನು ಉಬ್ಬಿದೆ. ಮಗಳು ಎದುರಿಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಉಬ್ಬಿದೆ! ಹೆಬ್ಬೆರಳು ಹೋದರೆ ತೋತಿಖಾನ್ ಕುಣಿಯುವುದಿರಲಿ, ನೆಟ್ಟಗೆ ನಿಲ್ಲುವುದಕ್ಕೂ ಗೋಡೆ ಹಿಡಿಯಬೇಕಾಗುತ್ತದೆ. ದೋಯಿರಾ ಗೋಡೆಯ ಮೊಳೆಗೆ ಹೋಗುತ್ತದೆ. ಅದೆಲ್ಲ ಆಮೇಲೆ ಹೊಳೆಯಿತು. ಮಾರನೆಯ ದಿನ ಸಂಜೆ ಕುಂಬಳಕಾಯಿ ಹಾಕಿದ ಸಮ್ಸಾ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು, ಜೇಬಿನಲ್ಲಿ ಅಭ್ಯಾಸಬಲದಿಂದ ಒಂದು ದಾರ ಇಟ್ಟುಕೊಂಡು ಹೊರಟೆ.

"ಓಹೋ, ಬನ್ನಿ ಬೀಗ್ತಿಯೋರೇ! ದಾರಿ ತಪ್ಪಿ ಬಂದ್ರಾ?" ತೋತಿಖಾನ್ ಎದ್ದು ಬಂದು ಅಪ್ಪಿಕೊಂಡರು. ಎದ್ದು ಬಂದ ರೀತಿ ನನಗೆ ಸರಿಕಾಣಲಿಲ್ಲ. ಪಾದ ಮಡಿಸದೆ, ಹಿಮ್ಮಡಿಯ ಮೇಲೆ ಭಾರ ಹಾಕಿ, ಹಲಗೆಯ ಮೇಲೆ ನಿಂತವರಂತೆ ಬಂದರು.

"ನಿಮ್ಮ ಕಾಲು ನೋಡೋಣಾಂತ ಬಂದೆ."

"ಕಾಲು ನೋಡಿ ಕೊಳ್ಳೋಕೆ ನಾನೇನು ಕುದುರೆನಾ? ಕೂತ್ಕೊಳ್ಳಿ, ಚಹಾ ಕುಡೀರಿ. ಹುಮೈರಾ, ನಿಮ್ಮಮ್ಮ ಸಮ್ಸಾ ತಂದಿದಾರೆ, ಅಂದ್ರೆ ಏನೋ ಕೆಲಸ ಇದೆ ಅಂತ ಅರ್ಥ."

ಕೂತೆ, ಚಹಾ ಕುಡಿದೆ, ಕಣ್ಣು ಮಾತ್ರ ಅವರ ಕಾಲಿನ ಮೇಲೆಯೇ ಇತ್ತು. ಸರಿಯಾದ ಮಹ್ಸಿ ಕಾಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಇದರ ಕಿರುಬೆರಳ ಕಡೆ ಚರ್ಮ ಉಬ್ಬಿ ಹೊಲಿಗೆ ಬಾಯಿ ಬಿಟ್ಟಿತ್ತು. ಮುಂದಿನ ಮೂತಿ ಮೇಲಕ್ಕೆ ತಿರುಚಿಕೊಂಡಿತ್ತು. ಹಿಮ್ಮಡಿಯ ಹತ್ತಿರ ಒಳಗಿನ ಮೂಳೆಯ ಗುರುತು ಹೊರಗೆ ಕಾಣುತ್ತಿತ್ತು. ಯಾರಾದರೂ ಗಿರಾಕಿಯ ಕಾಲಿನಲ್ಲಿ ಇಂಥದ್ದು ಕಂಡಿದ್ದರೆ, ಇದನ್ನು ಹೊಲಿದ ಪುಣ್ಯಾತ್ಮ ಯಾರು ಎಂದು ಕೇಳುತ್ತಿದ್ದೆ.

"ತೆಗೀರಿ ಅದನ್ನ," ಅಂದೆ.

"ಈಗ್ತಾನೆ ವುಜೂ ಮಾಡ್ಕೊಂಡಿದೀನಿ."

ನಮಾಜಿಗೆ ಮುಂಚೆ ಪ್ರತಿ ಸಲ ಕಾಲು ತೊಳೆಯಬೇಕು. ಆದರೆ ಬೆಳಿಗ್ಗೆ ತೊಳೆದು ಮಹ್ಸಿ ತೊಟ್ಟರೆ, ಆಮೇಲೆ ದಿನವೆಲ್ಲ ಅದರ ಮೇಲೆ ಒದ್ದೆ ಕೈ ಸವರಿದರೆ ಸಾಕು. ನಮ್ಮ ಮುದುಕಿಯರು ಮಹ್ಸಿ ಬಿಡದಿರುವುದು ಅದಕ್ಕೇ, ನಮ್ಮ ಮನೆಯ ಒಲೆ ಉರಿಯುತ್ತಿರುವುದೂ ಅದಕ್ಕೇ. ಆದರೆ ಹಾಗೆ ತೊಟ್ಟ ಕಾಲನ್ನು ರಾತ್ರಿಯವರೆಗೆ ಯಾರೂ ನೋಡುವುದಿಲ್ಲ, ಕಾಲಿನ ಒಡತಿ ಕೂಡ ನೋಡುವುದಿಲ್ಲ.

"ಮತ್ತೆ ಮಾಡ್ಕೊಳ್ಳಿ, ನೀರಿಗೇನು ಬರ ಬಂದಿದೆಯಾ?"

"ಅತ್ತೆ, ಅಮ್ಮ ಹಠ ಹಿಡಿದ್ರೆ ಬಿಡೋರಲ್ಲ," ಎಂದಳು ಹುಮೈರಾ.

"ಗೊತ್ತಮ್ಮ, ಮೂರು ವರ್ಷದಿಂದ ಅವರ ಮಗಳ ಜೊತೆ ಸಂಸಾರ ಮಾಡ್ತಿಲ್ವಾ ನಾನು?"

ನಾನು ಮಾತು ಬಿಟ್ಟು ಹಿಮ್ಮಡಿಗೇ ಕೈ ಹಾಕಿದೆ. ಅವರು ಕಾಲು ಎಳೆದುಕೊಂಡರು. ನಾನು ಬಿಡಲಿಲ್ಲ. ಅರವತ್ತರ ಆಸುಪಾಸಿನ ಇಬ್ಬರು ಹೆಂಗಸರು ಒಂದು ಬೂಟಿಗಾಗಿ ಎಳೆದಾಡಿದೆವು. ಚಹಾದ ಬಟ್ಟಲು ಉರುಳಿತು, ಮಗು ಚಪ್ಪಾಳೆ ತಟ್ಟಿ ನಕ್ಕಿತು. ಕೊನೆಗೆ ಮಹ್ಸಿ ಕಿತ್ತುಕೊಂಡು ಬಂತು. ಸುಲಭವಾಗಿ ಬರಲಿಲ್ಲ, ಕಿತ್ತುಕೊಂಡೇ ಬಂತು.

ಒಳಗಿನ ತೆಳು ಕಾಲುಚೀಲ, ಪಟ್ಟಿ ಎರಡನ್ನೂ ಬಿಚ್ಚಿದೆ. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಎರಡನೆಯ ಬೆರಳು ಹೆಬ್ಬೆರಳ ಮೇಲೇರಿ ಅಲ್ಲೇ ನೆಲೆಸಿಬಿಟ್ಟಿತ್ತು. ಉಗುರುಗಳು ದಪ್ಪಗಾಗಿ ಒಳಕ್ಕೆ ತಿರುಗಿದ್ದವು. ಹೆಬ್ಬೆರಳ ಪಕ್ಕದಲ್ಲಿ, ಸರಿಯಾಗಿ ಒಳಹೊಲಿಗೆ ಬರುವ ಕಡೆ, ಹೆಸರುಕಾಳಿಗಿಂತ ದೊಡ್ಡ ಗಾಯ, ಸುತ್ತ ಬಿಳಿಚಿಕೊಂಡ ಚರ್ಮ. ಮೆಲ್ಲಗೆ ಅದರ ಪಕ್ಕ ಬೆರಳಿಟ್ಟು ಒತ್ತಿದೆ. ತೋತಿಖಾನ್ ನನ್ನ ಮುಖ ನೋಡುತ್ತ ಕೂತಿದ್ದರು, ಒತ್ತಿದ್ದು ಅವರಿಗೆ ತಿಳಿಯಲೇ ಇಲ್ಲ.

"ನಿಂತ್ಕೊಳ್ಳಿ," ಎಂದು ದಾರ ತೆಗೆದೆ. ನಿಂತರು. ನಾಲ್ಕು ಗಂಟು ಹಾಕಿದೆ. ಆಮೇಲೆ ಆ ದಾರವನ್ನು ಕಳಚಿದ ಮಹ್ಸಿಯ ಅಟ್ಟೆಯ ಮೇಲೆ ಇಟ್ಟು ನೋಡಿದೆ. ಪಾದ ಅಟ್ಟೆಗಿಂತ ಒಂದು ಬೆರಳಗಲ ಉದ್ದವಿತ್ತು. ಒಂದು ಬೆರಳಗಲ ಜಾಗ ಬಿಡಬೇಕಾದ ಕಡೆ ಒಂದು ಬೆರಳಗಲ ಕಮ್ಮಿ! ಅಲ್ಲೇ, ನೆಲದ ಮೇಲೆ ಮಂಡಿಯೂರಿ ಕೂತಿದ್ದ ಹಾಗೆಯೇ, ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಅಂದು ಇದೇ ಮನೆಯಲ್ಲಿ ರೊಟ್ಟಿ ಮುರಿಯುವ ಶಾಸ್ತ್ರ. ಎರಡೂ ಕಡೆಯ ಹಿರಿಯರು ಕೂತು ರೊಟ್ಟಿ ಮುರಿದರೆ ಸಂಬಂಧ ಗಟ್ಟಿಯಾದಂತೆ. ಅದಾದ ಮೇಲೆ ಹೆಣ್ಣಿನ ಕಡೆಯಿಂದ ಬೀಗಿತಿಗೆ ಮಹ್ಸಿ ಹೋಗಬೇಕು. ಅಳತೆ ಕೇಳುವಂತಿಲ್ಲ, ಕೇಳಿ ಕೊಟ್ಟದ್ದು ಉಡುಗೊರೆಯೇ ಅಲ್ಲ ಅನ್ನುತ್ತಾರೆ. ಹಾಗಾಗಿ ಎಲ್ಲರೂ ಮಾಡುವುದು ಒಂದೇ, ಹೊಸ್ತಿಲಲ್ಲಿ ಬಿಟ್ಟ ಕಲೋಶನ್ನು ಗುಟ್ಟಾಗಿ ಅಳೆದುಕೊಂಡು ಬರುವುದು. ನಾನೂ ಗಾಳಿ ಬೇಕೆಂದು ಹೊರಗೆ ಹೋದೆ. ಮೂವತ್ತು ಜೊತೆ ಕಲೋಶ್ ಇದ್ದವು, ಎಲ್ಲ ಕಪ್ಪು, ಎಲ್ಲದರ ಒಳಗೂ ಕೆಂಪು ಬಟ್ಟೆ. ಬಾಗಿಲಿಗೆ ತೀರ ಹತ್ತಿರ, ಮೂತಿ ಹೊರಗೆ ಮಾಡಿ ಒಪ್ಪವಾಗಿ ಇಟ್ಟ ಒಂದು ಜೊತೆ ಕಂಡಿತು. ಮನೆಯೊಡತಿಯದೇ ಇರಬೇಕು ಎಂದು ದಾರ ಇಟ್ಟೆ, ಕಣಕಾಲು, ಮೀನಖಂಡದ ಗಂಟುಗಳನ್ನು ಕಣ್ಣಂದಾಜಿನಲ್ಲಿ ಹಾಕಿದೆ. ಕಾಲು ಎಷ್ಟು ಚಿಕ್ಕದು, ಅದಕ್ಕೇ ಅಷ್ಟು ಚೆನ್ನಾಗಿ ಕುಣಿಯುತ್ತಾರೆ ಎಂದು ಇನ್ನೊಮ್ಮೆ ಹೊಟ್ಟೆ ಉರಿದುಕೊಂಡೆ.

ಆದರೆ ಆ ಹೊತ್ತಿಗೆ ತೋತಿಖಾನ್ ಎಲ್ಲಿದ್ದರು? ಹಿತ್ತಲಲ್ಲಿ. ಪಲಾವಿನ ಕಡಾಯಿಗೂ ತಂದೂರಿಗೂ ನಡುವೆ ಕೆಸರಿನಲ್ಲಿ ಓಡಾಡುತ್ತಿದ್ದರು. ಮನೆಯೊಡತಿ ಅಂಗಳದಲ್ಲಿ ದುಡಿಯುತ್ತಿರುವಾಗ ಅವಳ ಕಲೋಶ್ ಅವಳ ಕಾಲಲ್ಲಿ ಇರುತ್ತದೆಯೇ ಹೊರತು ಹೊಸ್ತಿಲಲ್ಲಿ ಹೇಗಿದ್ದೀತು? ಎಳೆ ಮಗುವಿಗೂ ಹೊಳೆಯುವ ಮಾತು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು. ಸಾಲದ್ದಕ್ಕೆ ಮನೆಗೆ ಬಂದಾಗ ಉಸ್ತಾ, "ಕಾಲನ್ನೇ ನೋಡಿ ಅಳೆದ್ಯಾ?" ಎಂದು ಕೇಳಿದ್ದರು, ನಾನು "ಹೂಂ, ನೋಡ್ದೆ" ಅಂದಿದ್ದೆ. ಊರೆಲ್ಲ ಏನೇ ಮಾಡಲಿ, ಕಲೋಶ್ ಅಳತೆಗೆ ಅವರು ಚರ್ಮ ಕತ್ತರಿಸುವವರಲ್ಲ, ಅದಕ್ಕೇ ಹಾಗೆ ಸುಳ್ಳು ಹೇಳಿದ್ದೆ.

ಈಗ ಒಂದು ಮಾತು ಹೇಳಿ ಕ್ಷಮೆ ಕೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ವಯಸ್ಸಾದ್ಮೇಲೆ ಕಾಲು ಹರಡುತ್ತೆ ಬೀಗ್ತಿ, ಎಲ್ಲರಿಗೂ ಹಾಗೇನೇ. ಹೊಸದು ಹೊಲಿಸಿ ಕಳಿಸ್ತೀನಿ. ಅಲ್ಲೀವರೆಗೂ ಇದನ್ನ ಮುಟ್ಟಬೇಡಿ," ಅಂದು ಕಲೋಶ್ ಮೆಟ್ಟಿ ಹೊರಟುಬಿಟ್ಟೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಕಾಲು ಹರಡುವುದು ಸುಳ್ಳಲ್ಲ, ಸಕ್ಕರೆ ಕಾಯಿಲೆ ನಾನು ತಂದದ್ದಲ್ಲ ಎಂದು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಹಾಗಾಗಿತ್ತು ನನಗೆ.

ಉಸ್ತಾ ದಾರವನ್ನು ಬೆಳಕಿಗೆ ಹಿಡಿದು ನೋಡಿದರು. "ಇದ್ಯಾರ್ದು?"

"ಬೀಗ್ತಿದು. ಕಾಲು ಸ್ವಲ್ಪ ಹರಡಿದೆ."

ಅವರ ಅಂಗಡಿಯ ಗೋಡೆಗೆ ಹೆಂಗಸರ ದಾರಗಳೆಲ್ಲ ಸಾಲಾಗಿ ತೂಗುತ್ತವೆ, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ತೋತಿಖಾನರ ಹಳೆಯ ದಾರ ಬಿಚ್ಚಿ ತಂದು ಹೊಸದರ ಪಕ್ಕದಲ್ಲಿ ಹಾಸಿದರು. ನೋಡಿದರು. ಮತ್ತೆ ನೋಡಿದರು.

"ಕಾಲು ಅಗಲ ಆಗುತ್ತೆ, ಒಪ್ಕೋತೀನಿ. ಇಷ್ಟುದ್ದ ಬೆಳೆಯುತ್ತಾ? ಅವರೇನು ಹದಿಮೂರರ ಹುಡುಗಿನಾ?" ಆಮೇಲೆ ನನ್ನ ಕಡೆ ತಿರುಗಿದರು. "ಇನೋಬತ್, ಅವತ್ತು ನೀನು ಕಾಲು ನೋಡಿದ್ಯಾ?"

ನಾನು ದಬ್ಬಳಗಳ ಡಬ್ಬಿಯನ್ನು ಅಲ್ಲಿಂದ ಇಲ್ಲಿಗೆ ಸರಿಸಿದೆ. "ಕಲೋಶ್ ನೋಡ್ದೆ."

"ಯಾರ ಕಲೋಶ್?"

"ಅದೇ ಗೊತ್ತಿಲ್ಲ ರೀ."

ಬೈದಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನಾಳೆ ನಾನೇ ಹೋಗಿ ಅಳೀತೀನಿ," ಅಂದರು.

"ನೀವಾ? ಹೆಂಗಸರ ಕಾಲನ್ನ? ಊರು ಏನನ್ನುತ್ತೆ?"

"ನಿನ್ನ ದಾರ ನಂಬಿದ್ದಕ್ಕೆ ಒಂದು ಬೆರಳು ಹೋಗೋ ಹಾಗಾಗಿದೆ. ಊರು ಏನಾದ್ರೂ ಅನ್ಲಿ."

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಕಾಲು ಅಳೆಯಬಾರದು ಎಂಬ ನಿಯಮವನ್ನು ಅವರು ಅಂದೂ ಬಿಡಲಿಲ್ಲ. ಸಂಜೆಯಾಗುವವರೆಗೆ ಕಾದು, ಅಳಿಯನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ಶುಭ್ರವಾದ ಟೋಪಿ ಹಾಕಿಕೊಂಡು, ಕಂಕುಳಲ್ಲಿ ಕಂದು ಕಾಗದದ ಸುರುಳಿ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಹೊರಟರು. ನಾನು ಬಾಲದಂತೆ ಹಿಂದೆ ಹೋದೆ. ತೋತಿಖಾನ್ ವಿಷಯ ಕೇಳಿ ಮೊದಲು ಗಾಬರಿಯಾದರು, ಆಮೇಲೆ ತಲೆವಸ್ತ್ರದ ಸೆರಗು ಮುಖಕ್ಕೆ ಎಳೆದುಕೊಂಡು ಕಾಲು ಮುಂದೆ ಮಾಡಿದರು.

"ಇಪ್ಪತ್ತು ವರ್ಷದಿಂದ ಈ ಕಾಲನ್ನ ಯಾವ ಗಂಡಸೂ ನೋಡಿಲ್ಲ ಉಸ್ತಾ. ಡಾಕ್ಟ್ರು ನೋಡಿದ, ಆದ್ರೆ ಅವನು ಮಗು ಥರ, ಮೀಸೆ ಕೂಡ ಬ್ಯಾಂಕಿಂದ ಸಾಲ ತಂದ ಹಾಗಿದೆ."

"ಬೀಗ್ತಿಯೋರೇ, ಮೊದ್ಲು ನನ್ನನ್ನ ಕ್ಷಮಿಸ್ಬೇಕು," ಎಂದರು ಉಸ್ತಾ, ನೆಲದ ಮೇಲೆ ಕೂರುತ್ತಾ. "ನಿಮ್ಮ ಮಹ್ಸಿ ತಪ್ಪಾಗಿ ಹೊಲಿದಿದೀನಿ. ನಲವತ್ತು ವರ್ಷದಲ್ಲಿ ಇಂಥ ತಪ್ಪು..."

ನನ್ನಿಂದ ತಡೆಯಲಾಗಲಿಲ್ಲ. "ಅವರ ತಪ್ಪಲ್ಲ, ನಂದು!" ಎಂದು ಕೂಗಿದೆ. ಕೂಗುವ ಅಗತ್ಯವಿರಲಿಲ್ಲ, ಆದರೂ ಕೂಗಿದೆ. ಹೊಸ್ತಿಲು, ಕಲೋಶ್, ಗಂಡನಿಗೆ ಹೇಳಿದ ಸುಳ್ಳು, ನಿನ್ನೆ ಇವರಿಗೆ ಹೇಳಿದ ಸುಳ್ಳು, ಒಂದೂ ಬಿಡದೆ ಕಕ್ಕಿದೆ. ಹುಮೈರಾ ಚಹಾದ ಕೆಟಲ್ ಹಿಡಿದು ನಿಂತಲ್ಲೇ ನಿಂತಿದ್ದಳು.

ತೋತಿಖಾನ್ ಮುಖದ ಮೇಲಿನ ಸೆರಗು ಸರಿಸಿ ನನ್ನನ್ನು ನೋಡಿದರು. "ಬಾಗಿಲ ಪಕ್ಕದ ಜೊತೆನಾ? ಮೂತಿ ಹೊರಗೆ ಮಾಡಿ ಇಟ್ಟಿದ್ದಾ?"

"ಹೌದು."

"ಅಯ್ಯೋ ನನ್ನ ಖುದಾ! ಅದು ನನ್ನ ತಂಗಿ ಮಗಳದ್ದು! ಏಳನೇ ಕ್ಲಾಸು ಅವಳು ಆಗ!" ಎಂದು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಮೂರು ವರ್ಷ ಸ್ಕೂಲ್ ಹುಡುಗಿ ಮಹ್ಸಿ ಹಾಕ್ಕೊಂಡು ಮದುವೆಮನೆ ಸುತ್ತಿದೀನಲ್ಲಾ ನಾನು!"

ಹುಮೈರಾ ನಕ್ಕಳು, ಉಸ್ತಾ ಕೂಡ ಮೀಸೆಯೊಳಗೆ ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಉಸ್ತಾ, "ಆದ್ರೆ ಬಿಗಿ ಇದೆ ಅಂತ ಮೊದಲ ದಿನಾನೇ ಗೊತ್ತಾಗಿರ್ಬೇಕಲ್ಲ. ಯಾಕೆ ಒಂದು ಮಾತು ಹೇಳ್ಲಿಲ್ಲ?" ಎಂದು ಕೇಳಿದರು. ತೋತಿಖಾನರ ನಗು ಅಲ್ಲಿಗೇ ನಿಂತಿತು. ಸೊಸೆಯ ಕಡೆ ಒಮ್ಮೆ ನೋಡಿ, "ಚಹಾ ಆರ್ತಾ ಇದೆ, ಬೇಗ ಅಳೀರಿ ಉಸ್ತಾ," ಅಂದರು.

ಉಸ್ತಾ ಕಾಗದ ಹಾಸಿ ಅವರನ್ನು ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲು ಎಳೆದರು. ಗಾಯದ ಜಾಗಕ್ಕೆ ಒಂದು ಚುಕ್ಕೆ, ಮೇಲೇರಿದ ಬೆರಳಿಗೆ ಒಂದು ಗೀಟು. ಆಮೇಲೆ ಅವರ ಉಪದೇಶ ಶುರುವಾಯಿತು, ಈ ಸಲ ಸೊಸೆಗೆ. "ದಿನಾ ರಾತ್ರಿ ಅತ್ತೆ ಪಾದ ದೀಪದ ಬೆಳಕಲ್ಲಿ ನೋಡ್ಬೇಕು, ಬೆರಳ ಸಂದೀನೂ ಬಿಡ್ಬಾರ್ದು. ಏನೇ ಹಾಕೋಕೆ ಮುಂಚೆ ಒಳಗೆ ಕೈ ಹಾಕಿ ತಡಕ್ಬೇಕು, ಕಲ್ಲು ಇದೆಯಾ, ಹೊಲಿಗೆ ಚುಚ್ಚುತ್ತಾ ಅಂತ. ಕಾಲು ಇನ್ಮೇಲೆ ಬಾಯಿಬಿಟ್ಟು ಹೇಳಲ್ಲ, ಕೈಯಿಂದಲೇ ತಿಳ್ಕೋಬೇಕು."

ಆ ಹದಿನೈದು ದಿನ ತೋತಿಖಾನ್ ಮಹ್ಸಿ ಮುಟ್ಟಲಿಲ್ಲ. ಹತ್ತಿಯ ಪಟ್ಟಿ, ಅಗಲವಾದ ಉಣ್ಣೆಯ ಕಾಲುಚೀಲ, ದಿಂಬಿನ ಮೇಲೆ ಕಾಲು. ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ, ಕೂತಲ್ಲಿಂದಲೇ ಇಡೀ ಮೊಹಲ್ಲಾದ ಯಜಮಾನಿಕೆ ಮಾಡಿದರಂತೆ. ನಾನು ದಿನ ಬಿಟ್ಟು ದಿನ ಮಾಂಸದ ಸಾರು, ಶೂರ್ವಾ, ಹೊತ್ತುಕೊಂಡು ಹೋದೆ. ಸಕ್ಕರೆ ಹಾಕಿದ್ದು ಒಂದೂ ಒಯ್ಯಲಿಲ್ಲ. ಪಟ್ಟಿ ಬಿಚ್ಚುವಾಗಲೆಲ್ಲ ನಾನೇ ದೀಪ ಹಿಡಿದು ಬಗ್ಗಿ ನೋಡುತ್ತಿದ್ದೆ. ಒಂಬತ್ತನೆಯ ದಿನ ಗಾಯ ಇದ್ದ ಹಾಗೇ ಇತ್ತು. ಅಂದು ಮನೆಗೆ ಬರುತ್ತಾ ಕಾಲುವೆಯ ದಂಡೆಯಲ್ಲಿ ಕೂತು ಅತ್ತುಬಿಟ್ಟೆ. ಹನ್ನೆರಡನೆಯ ದಿನ ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು.

ಹದಿನೈದನೆಯ ದಿನ ತೋತಿಖಾನ್, ಹುಮೈರಾ, ನಾನು ಮೂವರೂ ಪಾಲಿಕ್ಲಿನಿಕ್ಕಿಗೆ ಹೋದೆವು. ಆ ಸಣ್ಣ ಮೀಸೆಯ ಡಾಕ್ಟರು ಬಗ್ಗಿ, ಒತ್ತಿ, ಮೂಸಿ ನೋಡಿ, "ಬೆರಳಿಗೆ ಭಯ ಇಲ್ಲ. ಪೂರ್ತಿ ಮುಚ್ಚೋಕೆ ಇನ್ನೂ ತಿಂಗಳು ಬೇಕು," ಅಂದರು. "ಏನು ಬದಲಾಯಿಸಿದ್ರಿ?"

"ಬೀಗರನ್ನ ಬದಲಾಯಿಸ್ಬೇಕು ಅಂತಿದ್ದೆ ಸ್ವಾಮಿ, ಆಗ್ಲಿಲ್ಲ. ಅದಕ್ಕೇ ಅವ್ರು ಕೊಟ್ಟ ಬೂಟು ಬಿಟ್ಟೆ," ಎಂದರು ತೋತಿಖಾನ್.

ಅಂಗಡಿಯಲ್ಲಿ ಅವರ ಕಾಲಿಗೆ ಹೊಂದುವ ಮರದ ಅಚ್ಚು ಇರಲಿಲ್ಲ. ಉಸ್ತಾ ಒಂದು ಹಳೆಯ ಅಚ್ಚಿನ ಮೇಲೆ ಚರ್ಮದ ತುಣುಕುಗಳನ್ನು ಅಂಟಿಸಿ, ಕೆರೆದು, ಮತ್ತೆ ಅಂಟಿಸಿ, ಕಾಗದದ ಗೀಟಿಗೆ ಸರಿಯಾಗುವವರೆಗೆ ಅದೇ ಕೆಲಸ ಮಾಡಿದರು. ಬೆರಳುಗಳ ಕಡೆ ಅಗಲ, ಮೇಲೆ ಎತ್ತರ. ಒಳಗೆ ಎಲ್ಲೂ ಹೊಲಿಗೆ ಬರದಂತೆ ಎಲ್ಲ ಹೊಲಿಗೆಯನ್ನೂ ಹೊರಕ್ಕೆ ತಿರುಗಿಸಿದರು. ಅಂಗಡಿಗೆ ಬಂದವರು, "ಇದೇನು ಉಸ್ತಾ, ಬಾತುಕೋಳಿ ಮೂತಿ ಮಾಡಿದೀರಿ," ಎಂದು ನಕ್ಕರು. ಉಸ್ತಾ ತಲೆ ಎತ್ತಲಿಲ್ಲ. ಅದಕ್ಕೆ ಸರಿಯಾಗುವ ದೊಡ್ಡ ಕಲೋಶ್ ಹುಡುಕಲು ನಾನು ಬಜಾರನ್ನೆಲ್ಲ ಸುತ್ತಿದೆ. ಮೊದಲು ಕಾಲು, ಕಾಲಿಗೆ ಮಹ್ಸಿ, ಮಹ್ಸಿಗೆ ಕಲೋಶ್. ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಅಗ್ಗಕ್ಕೆ ಸಿಕ್ಕ ಕಲೋಶ್ ತಂದು ಇದಕ್ಕೆ ಹೊಂದುವಂತೆ ಹೊಲಿದುಕೊಡಿ ಅನ್ನುತ್ತಾರೆ. ಈಗ ನಾನು ಅಂಥವರನ್ನು ಬೈಯುವಾಗ ಸ್ವಲ್ಪ ದನಿ ತಗ್ಗಿಸುತ್ತೇನೆ.

ಗಾಯ ಪೂರ್ತಿ ಮುಚ್ಚಿದ್ದು ಹೊಸವರ್ಷ ಕಳೆದು ವಾರವಾದ ಮೇಲೆ. ಅಂದು ಹೊಸ ಮಹ್ಸಿ ತೆಗೆದುಕೊಂಡು ನಾನೊಬ್ಬಳೇ ಹೋದೆ. ಹುಮೈರಾ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಳು. ಒಳಗೆ ಕೈ ಹಾಕಿ ತಡಕಿ ನೋಡಿ, ನಾನೇ ತೊಡಿಸಿದೆ. ತೋತಿಖಾನ್ ಎದ್ದು ನಿಂತರು. ಮಹ್ಸಿಯೊಳಗೆ ಬೆರಳು ಆಡಿಸಿದರು. ಚರ್ಮ ಮೆಲ್ಲಗೆ ಏರಿಳಿದದ್ದು ಹೊರಗಿನಿಂದ ನನಗೆ ಕಂಡಿತು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಬಗ್ಗಿ ನೋಡಿ ನಕ್ಕರು.

"ಈಗಾದ್ರೂ ಹೇಳಿ ಬೀಗ್ತಿ. ಮೊದಲ ದಿನಾನೇ ಯಾಕೆ ಹೇಳ್ಲಿಲ್ಲ? ನಮ್ಮ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?"

ಅವರು ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಹುಮೈರಾಗೆ ಹೇಳೋದಿಲ್ಲ ಅಂತ ಮಾತು ಕೊಡಿ. ಅವಳು ಬಂದ ಮೂರನೇ ದಿನ ಬೆಳಗಿನ ಜಾವ ನಮ್ಮ ಹಾಲು ಕೊಡೋ ಹಸು ಸತ್ತಿತ್ತು, ನೆನಪಿದೆಯಾ? ಅವತ್ತೇ ನನ್ನ ನಾದಿನಿ ಪಿಸಪಿಸ ಶುರು ಮಾಡಿದ್ಳು, ಸೊಸೆ ಕಾಲ್ಗುಣ ಸರಿಯಿಲ್ಲ ಅಂತ. ಅದೇ ದಿನ ಬೆಳಿಗ್ಗೆ ಈ ಹುಡುಗಿ ಮಂಡಿಯೂರಿ ಕೂತು, ತನ್ನ ಕೈಯಾರೆ ನಂಗೆ ಮಹ್ಸಿ ತೊಡಿಸಿದ್ಳು. ಮನೆ ತುಂಬ ನೆಂಟರು, ಎಲ್ಲರ ಕಣ್ಣೂ ನನ್ನ ಕಾಲ ಮೇಲೆ. ನಾನು ಅಮ್ಮಾ ಅಂತ ಕುಂಟಿದ್ರೆ ಏನಾಗ್ತಿತ್ತು? ನಗುವವರ ಮುಂದೆ ಎಡವಿ ಬಿದ್ದ ಹಾಗಾಗ್ತಿತ್ತು. ಹಸು ಆಯ್ತು, ಈಗ ಅತ್ತೆ ಕಾಲೂ ಹೋಯ್ತು ಅಂತ ಅವಳ ತಲೆಗೇ ಕಟ್ಟಿಬಿಡ್ತಿದ್ರು. ಒಂದ್ಸಲ ಆ ಹೆಸರು ಬಂದ್ರೆ ಜನ್ಮಪೂರ್ತಿ ಹೋಗಲ್ಲ, ಗೊತ್ತಲ್ಲ ನಿಮ್ಗೆ. ಅದಕ್ಕೇ ನೆಟ್ಟಗೆ ನಡ್ದೆ. ಆ ಸಂಜೆ ಕುಣಿದೂ ಕುಣಿದೆ."

"ಆಮೇಲಾದ್ರೂ..."

"ಆಮೇಲೆ ದಿನಾ ಬೆಳಿಗ್ಗೆ ಅವಳೇ ತೊಡಿಸ್ತಿದ್ಳು. ಎಷ್ಟು ಆಸೆಯಿಂದ! ನಮ್ಮಪ್ಪ ಹೊಲಿದಿದ್ದು ಅತ್ತೆ ಅಂತ. ಹೇಗೆ ಹೇಳ್ಲಿ? ಬೆರಳು ಅವಳ ಕಣ್ಣಿಗೆ ಬೀಳದಿರ್ಲಿ ಅಂತ ಕಾಲುಚೀಲ ಹಾಕ್ಕೊಂಡೇ ಕಾಲು ಮುಂದೆ ಮಾಡ್ತಿದ್ದೆ. ಸಕ್ಕರೆ ಬಂದ್ಮೇಲೆ ನೋವೂ ನಿಂತೋಯ್ತು. ದೇವರು ಕರುಣೆ ತೋರಿಸ್ದ ಅಂದ್ಕೊಂಡೆ."

ನನ್ನ ಮಗಳನ್ನು ಯಾವ ಮನೆಗೆ ಕೊಟ್ಟಿದ್ದೇನೆಂದು ಮೂರು ವರ್ಷವಾದ ಮೇಲೆ ನನಗೆ ತಿಳಿಯಿತು. ಹೆತ್ತ ನಾನು ಕಲೋಶ್ ಅಳೆದು ಕೈತೊಳೆದುಕೊಂಡಿದ್ದೆ. ಈ ಹೆಂಗಸು ನನ್ನ ಮಗಳ ಹೆಸರಿಗೋಸ್ಕರ ಬೆರಳು ಮುರುಟಿಸಿಕೊಂಡು ನಡೆದಿದ್ದರು, ನಾನೋ ಅವರ ಕಾಲು ಚಿಕ್ಕದೆಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ಅವರ ಮಹ್ಸಿಯ ಅಂಚನ್ನು ಎಳೆದು ಎಳೆದು ಸರಿಮಾಡುತ್ತ ಕೂತೆ.

"ಏನು ಬೀಗ್ತಿಯೋರು ಮೌನವ್ರತ ಹಿಡಿದ್ರಾ? ಇದನ್ನ ನೋಡೋಕಾದ್ರೂ ಆ ಗಾಯ ಆಗ್ಬೇಕಿತ್ತು ಬಿಡಿ," ಎಂದು ನನ್ನ ತೋಳು ಹಿಡಿದು ಎಬ್ಬಿಸಿದರು. "ನಡೀರಿ, ಎರಡು ತಿಂಗಳಿಂದ ಈ ಗೋಡೆ ನೋಡಿ ನೋಡಿ ಸಾಕಾಗಿದೆ. ಸೇತುವೆ ತನಕ ಹೋಗಿ ಬರೋಣ."

ಹೊರಗೆ ತೆಳ್ಳಗೆ ಹಿಮ ಬಿದ್ದಿತ್ತು. ಕಾಲುವೆಯ ದಂಡೆಯಲ್ಲಿ ಎಲೆಯುದುರಿದ ಹಿಪ್ಪುನೇರಳೆ ಮರಗಳ ಕೆಳಗೆ ಇಬ್ಬರೂ ಜೊತೆಯಾಗಿ ನಡೆದೆವು. ಮೊದಲು ಅವರು ನನ್ನ ತೋಳು ಹಿಡಿದಿದ್ದರು, ಒಂದಷ್ಟು ದೂರ ಹೋದ ಮೇಲೆ ಬಿಟ್ಟರು. ಪಾದ ಪೂರ್ತಿ ಊರಿ, ಹಿಮ್ಮಡಿಯಿಂದ ಬೆರಳಿಗೆ ಮಡಿಸಿ, ಸರಾಗವಾಗಿ ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು, "ತೋತಿಖಾನ್ ಅಕ್ಕಾ, ಕಾಲು ಹೇಗಿದೆ? ಮುಂದಿನ ವಾರ ನನ್ನ ಮಗನ ಮದುವೆ ಇದೆ, ಬರ್ತೀರಾ?" ಎಂದು ಕೇಳಿದಳು. "ನನ್ನ ಸೊಸೆ ನೋಡ್ಕೊಂಡ್ಳು, ಕಾಲು ಉಳೀತು. ಬರ್ತೀನಿ, ನಿಂತೇ ಬಾರಿಸ್ತೀನಿ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು.

ಸೇತುವೆ ಬಂತು. ನನಗೆ ಏದುಸಿರು ಹತ್ತಿ ಕಂಬಿ ಹಿಡಿದು ನಿಂತೆ. ಬೀಗಿತಿಗೆ ಅದು ಗೊತ್ತಾಗಲಿಲ್ಲ. ಅವರು ಸೇತುವೆ ದಾಟಿ ಆಚೆ ದಂಡೆಯಲ್ಲಿ ನಡೆಯುತ್ತಲೇ ಇದ್ದರು. ಕೂಗಿ ನಿಲ್ಲಿಸಬಹುದಿತ್ತು, ನಾನು ಕೂಗಲಿಲ್ಲ.